ಚಂದ್ರಲೋಕದ ದಾನಶಾಸನ

ಹಳೆಯ ದಾನಶಾಸನವೊಂದನ್ನು ಓದುವುದಕ್ಕೆ ಒಂದು ಕ್ರಮವುಂಟು. ಮೊದಲಿಗೆ ದೇವತಾಸ್ತುತಿ, ಆಮೇಲೆ ಅರಸನ ಬಿರುದಾವಳಿ. ಅದು ಮುಗಿಯುವಷ್ಟರಲ್ಲಿ ಓದುವವನ ಉಸಿರು ಅರ್ಧ ಸೋತಿರುತ್ತದೆ. ಶಾಸನಗಳನ್ನು ಹೊಸದಾಗಿ ಓದತೊಡಗಿದ ವಿದ್ಯಾರ್ಥಿಗಳು ಈ ಬಿರುದುಗಳ ಬಳಿಯೇ ನಿಂತು ತಲೆದೂಗುವುದುಂಟು. ಆದರೆ ಶಾಸನದ ತಿರುಳಿರುವುದು ಅದರಾಚೆಗೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ; ಗ್ರಹಣವೋ ಸಂಕ್ರಮಣವೋ ಆದ ಪುಣ್ಯಕಾಲ; ಕೊಟ್ಟವರಾರು, ಪಡೆದವರಾರು; ಭೂಮಿ ಎಷ್ಟು ಸಲಗೆ ಅಥವಾ ಎಷ್ಟು ಕಂಬ; ಮೂಡಲಿಗೆ ಯಾವ ಕಲ್ಲು, ತೆಂಕಲಿಗೆ ಯಾವ ಕೆರೆಯ ಏರಿ; ಯಾವ ಸುಂಕದ ಆದಾಯದಿಂದ ನಂದಾದೀವಿಗೆಗೆ ಎಣ್ಣೆ. ಇಷ್ಟೆಲ್ಲ ಬಂದ ಮೇಲೆ, ಇದನ್ನು ಅಳಿಪಿದವನಿಗೆ ಶಾಪ. ಕಡೆಯಲ್ಲಿ ಕೆಲವೊಮ್ಮೆ ಬರೆದವನ, ಕಂಡರಿಸಿದವನ ಹೆಸರು. ಈ ಕೊಡುಗೆ ಎಷ್ಟು ಕಾಲ ನಡೆಯಬೇಕು? ಅದಕ್ಕೂ ಶಾಸನದಲ್ಲಿ ಒಂದು ಮಾತುಂಟು: ಆಚಂದ್ರಾರ್ಕ, ಎಂದರೆ ಚಂದ್ರಸೂರ್ಯರಿರುವ ತನಕ.

ವಾಗ್ದಾನವೆಂಬ ಪದದಲ್ಲಿಯೇ ದಾನವಿದೆ. ಹಾಗಿರುವಾಗ ಮಾತಿನಿಂದ ಕೊಟ್ಟದ್ದನ್ನೂ ಇದೇ ಕ್ರಮದಲ್ಲಿ ಓದಬಾರದೇಕೆ ಎಂದು ನನಗೆ ಅನೇಕ ಸಲ ಅನ್ನಿಸಿದೆ; ಅದರಲ್ಲಿಯೂ ಚಂದ್ರನನ್ನು ಕುರಿತು ದೇಶದೇಶಗಳ ಮುಂದಾಳುಗಳು ಮಾಡುತ್ತಿರುವ ವಾಗ್ದಾನಗಳನ್ನು. ಹಿಂದೆ ದಾನಕ್ಕೆ ಸಾಕ್ಷಿಯಾಗಿ ನಿಂತಿದ್ದ ಚಂದ್ರ ಈಗ ದಾನದ ವಸ್ತುವೇ ಆಗಿಬಿಟ್ಟಿದ್ದಾನೆ.

ನಮ್ಮ ಸೀಮೆಯವರಿಗೆ ಈ ವಿಷಯ ದೂರದ್ದೇನೂ ಅಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1902ರಲ್ಲಿಯೇ ದೊಡ್ಡ ಸಂಪುಟವಾಗಿ ಪ್ರಕಟಿಸಿದ್ದಾರೆ; ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಲ್ಲುಗಳು ಅದರಲ್ಲಿ ಸಾಲಾಗಿ ನಿಂತಿವೆ. ಅರಸೀಕೆರೆಯ ಹದಿಮೂರನೆಯ ಶತಮಾನದ ಈಶ್ವರ ದೇವಾಲಯದ ತಳವಿನ್ಯಾಸವೇ ನಕ್ಷತ್ರಾಕಾರದ್ದು. ಅಲ್ಲಿನ ದೇವರಿಗೆ ಚಂದ್ರಮೌಳೇಶ್ವರನೆಂಬ ಹೆಸರೂ ಇದೆ. ಅತ್ತ ಹಾಸನದ ಸಾಲಗಾಮೆ ರಸ್ತೆಯಲ್ಲಿ, ಆಕಾಶದತ್ತ ಮುಖಮಾಡಿದ ದೊಡ್ಡ ಬೋಗುಣಿಗಳಂಥ ಆಂಟೆನಾಗಳು ಇವೆ. ಅದು ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಉಪಗ್ರಹಗಳನ್ನು ಅವುಗಳ ಸ್ಥಾನ ತಪ್ಪದಂತೆ ನೋಡಿಕೊಳ್ಳುವ ಕೆಲಸ ಅಲ್ಲಿ 1982ರಿಂದ ನಡೆದುಬಂದಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್ 1ಎ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ಮರುವರ್ಷ 1ಬಿ ಹಾರಿತು, ಉಳಿಯಿತು, ಹಳ್ಳಿಹಳ್ಳಿಗೆ ದೂರದರ್ಶನವನ್ನು ತಂದಿತು. ಇಸ್ರೋದ ಅಧ್ಯಕ್ಷರಾಗಿದ್ದ ಎ. ಎಸ್. ಕಿರಣ್ ಕುಮಾರ್ ಹಾಸನ ಜಿಲ್ಲೆಯವರೇ. ಇನ್ನೊಂದು ಕಾಕತಾಳೀಯ: 2023ರ ಆಗಸ್ಟ್ 23ರಂದು ಚಂದ್ರಯಾನ 3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ಇಳಿಯಿತು, ಅದಾಗಿ ನಾಲ್ಕು ವಾರ ಕಳೆಯುವುದರೊಳಗೆ, ಸೆಪ್ಟೆಂಬರ್ 18ರಂದು, ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ತಿಂಗಳಲ್ಲಿ ನಮ್ಮೂರುಗಳ ಶಾಲೆಗಳಲ್ಲಿ ಭಾಷಣಕ್ಕೆ ವಿಷಯದ ಬರವಿರಲಿಲ್ಲ.

ಚಂದ್ರನ ವಾಗ್ದಾನಗಳಲ್ಲಿ ಮೊದಲನೆಯದೂ ಇಂದಿಗೂ ಮಾದರಿಯೆನಿಸಿಕೊಂಡಿರುವುದೂ ಕೆನಡಿಯವರದು. 1961ರ ಮೇ 25ರಂದು ಅವರು ಅಮೆರಿಕದ ಸಂಸತ್ತಿನ ಮುಂದೆ, ಆ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲಿಳಿಸಿ ಕ್ಷೇಮವಾಗಿ ಹಿಂದಕ್ಕೆ ಕರೆತರುವ ಗುರಿಯನ್ನಿಟ್ಟರು. ಆ ಹೊತ್ತಿಗೆ ಅಮೆರಿಕನ್ನರಿಗಿದ್ದ ಮಾನವಸಹಿತ ಅಂತರಿಕ್ಷಯಾನದ ಅನುಭವ ಒಟ್ಟು ಹದಿನೈದು ನಿಮಿಷದ್ದು. ಇಪ್ಪತ್ತು ದಿನಗಳ ಹಿಂದೆ ಅಲನ್ ಶೆಪರ್ಡ್ ಒಮ್ಮೆ ಮೇಲೇರಿ ಇಳಿದದ್ದಷ್ಟೆ. ಕೇಳಿದವರಿಗೆ ಇದು ಕನ್ನಡಿಯೊಳಗಿನ ಗಂಟಿನಂತೆಯೇ ಕಂಡಿರಬೇಕು. ಆದರೆ ಬಿರುದುಗಳನ್ನು ದಾಟಿ ಕೆಳಗಿನ ಸಾಲುಗಳನ್ನು ನೋಡಿ. ಭಾಷಣಕ್ಕೆ ಒಂದು ತಿಂಗಳು ಮೊದಲು, ಏಪ್ರಿಲ್ 20ರಂದು, ಕೆನಡಿ ತಮ್ಮ ಉಪಾಧ್ಯಕ್ಷರಿಗೆ ಟಿಪ್ಪಣಿಯೊಂದನ್ನು ಕಳುಹಿಸಿ, ರಷ್ಯನ್ನರನ್ನು ಯಾವ ಕಾರ್ಯದಲ್ಲಿ ನಾವು ಮೀರಿಸಬಹುದು, ಅದಕ್ಕೆ ಹೆಚ್ಚಿನ ಖರ್ಚೆಷ್ಟಾದೀತು ಎಂದು ಕೇಳಿದ್ದರು. ಭಾಷಣದ ಜೊತೆಗೆ ಹಣದ ಕೋರಿಕೆಯೂ ಬಂದಿತು. 1966ರ ಹೊತ್ತಿಗೆ ಅವರ ಕೇಂದ್ರ ಸರ್ಕಾರದ ವೆಚ್ಚದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಪಾಲು ನಾಸಾ ಸಂಸ್ಥೆಗೆ ಸಂದಿತ್ತು. ಸುಮಾರು ನಾಲ್ಕು ಲಕ್ಷ ಜನ ಆ ಕೆಲಸದಲ್ಲಿ ತೊಡಗಿದ್ದರು. ಗಡುವು, ಎಲ್ಲೆ, ಆದಾಯದ ಮೂಲ, ಮೂರೂ ಇದ್ದವು.

ಕೆನಡಿಯವರ ಅಂತರಂಗದಲ್ಲಿ ಚಂದ್ರನ ಮೇಲೆ ಅಷ್ಟೇನೂ ಒಲವಿರಲಿಲ್ಲವೆಂಬುದು ಈಗ ಗುಟ್ಟಲ್ಲ. 1962ರ ನವೆಂಬರಿನಲ್ಲಿ ನಾಸಾದ ಮುಖ್ಯಸ್ಥರೊಡನೆ ನಡೆದ ಖಾಸಗಿ ಮಾತುಕತೆಯಲ್ಲಿ, ತಮಗೆ ಅಂತರಿಕ್ಷದಲ್ಲಿ ಅಂಥ ಆಸಕ್ತಿಯಿಲ್ಲ, ರಷ್ಯನ್ನರಿಗಿಂತ ಮುಂದಾಗುವುದೇ ಮುಖ್ಯ ಎಂಬರ್ಥದಲ್ಲಿ ಅವರು ಮಾತನಾಡಿದ್ದು ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಮರುವರ್ಷ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ, ರಷ್ಯದೊಡನೆ ಕೂಡಿಯೇ ಚಂದ್ರನಿಗೆ ಹೋಗೋಣವೆಂದೂ ಸೂಚಿಸಿದರು. ಎರಡು ತಿಂಗಳಲ್ಲಿ ಅವರು ಕೊಲೆಯಾದರು. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ 1969ರ ಜುಲೈ 20ರಂದು ಅಧ್ಯಕ್ಷ ಪೀಠದಲ್ಲಿದ್ದವರು ಒಂಬತ್ತು ವರ್ಷಗಳ ಹಿಂದೆ ಅವರಿಂದಲೇ ಸೋತ ನಿಕ್ಸನ್. ದಾನ ಕೊಟ್ಟವನ ಮನಸ್ಸು ಎಷ್ಟು ನಿರ್ಮಲವೆಂಬುದಕ್ಕಿಂತ, ಕೊಟ್ಟವನು ಹೋದ ಮೇಲೂ ಅದನ್ನು ನಡೆಸಿಕೊಂಡು ಹೋಗುವ ಏರ್ಪಾಡು ಇದೆಯೆ ಎಂಬುದೇ ಹೆಚ್ಚಿನ ಪ್ರಶ್ನೆಯೆಂದು ಇದರಿಂದ ನನಗೆ ತೋರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರವೂ 1121ರ ಸುಮಾರಿಗೆ ಮೊದಲಾಗಿ ದಶಕಗಳ ಕಾಲ ಕಟ್ಟಿಸಿಕೊಂಡ ಗುಡಿ. ಅಡಿಪಾಯ ನೋಡಿದವರೆಲ್ಲರೂ ಅದರ ಗೋಡೆಯ ಕೊನೆಯ ಆನೆಯನ್ನು ನೋಡಿರಲಾರರು.

ಕೆನಡಿಯ ಮಾದರಿಯನ್ನು ಅನುಸರಿಸಿದವರೆಲ್ಲ ಬಿರುದಾವಳಿಯ ಭಾಗವನ್ನು ಮಾತ್ರ ಅನುಸರಿಸಿದರು. 1989ರಲ್ಲಿ, ಮೊದಲ ಇಳಿತದ ಇಪ್ಪತ್ತನೆಯ ವಾರ್ಷಿಕ ದಿನ, ಹಿರಿಯ ಬುಷ್ ಅವರು ಚಂದ್ರನಿಗೆ ಮರಳುವುದಾಗಿಯೂ ಈ ಸಲ ಅಲ್ಲಿಯೇ ನೆಲೆಸುವುದಾಗಿಯೂ ಸಾರಿದರು. ಖರ್ಚಿನ ಅಂದಾಜು ಹೊರಬಿದ್ದೊಡನೆ ಸಂಸತ್ತು ಬೆಚ್ಚಿ ಕೈಬಿಟ್ಟಿತು. ಕಿರಿಯ ಬುಷ್ ಅವರು 2004ರಲ್ಲಿ ಕೊಟ್ಟ ಗಡುವು 2020. ಒಬಾಮ ಆಡಳಿತ 2010ರಲ್ಲಿ ಆ ಯೋಜನೆಯನ್ನು ನಿಲ್ಲಿಸಿತು. 2019ರಲ್ಲಿ ಉಪಾಧ್ಯಕ್ಷ ಪೆನ್ಸ್ ಅವರು ಕೊಟ್ಟ ಗಡುವು ಐದು ವರ್ಷ. 2024 ಬಂದಿತು, ಹೋಯಿತು. ಚಂದ್ರನ ಧೂಳಿನ ಮೇಲೆ ಹೊಸ ಹೆಜ್ಜೆಯೊಂದೂ ಮೂಡಲಿಲ್ಲ.

ಇವುಗಳಲ್ಲೆಲ್ಲ ರಸವತ್ತಾದದ್ದು ನ್ಯೂಟ್ ಗಿಂಗ್ರಿಚ್ ಅವರದು. ಅಧ್ಯಕ್ಷ ಪದವಿಗೆ ತಮ್ಮ ಪಕ್ಷದ ಅಭ್ಯರ್ಥಿಯಾಗಲು ಹೆಣಗುತ್ತಿದ್ದ ಅವರು 2012ರ ಜನವರಿ 25ರಂದು ಫ್ಲಾರಿಡದ ಸಭೆಯೊಂದರಲ್ಲಿ, ತಮ್ಮ ಎರಡನೆಯ ಅವಧಿ ಮುಗಿಯುವುದರೊಳಗೆ ಚಂದ್ರನ ಮೇಲೆ ಶಾಶ್ವತ ನೆಲೆಯೊಂದು ಇರುವುದೆಂದರು. ಮೊದಲನೆಯ ಅವಧಿಯೇ ಇನ್ನೂ ಕೈಸೇರಿರಲಿಲ್ಲವೆಂಬುದನ್ನು ಗಮನಿಸಬೇಕು. ಅಷ್ಟೇ ಅಲ್ಲ, ಚಂದ್ರನಲ್ಲಿ 13,000 ಅಮೆರಿಕನ್ನರು ನೆಲೆಸಿದ ಮೇಲೆ ಅವರು ಪ್ರತ್ಯೇಕ ರಾಜ್ಯದ ಸ್ಥಾನಕ್ಕೆ ಅರ್ಜಿ ಹಾಕಿಕೊಳ್ಳಬಹುದೆಂದೂ ಸೇರಿಸಿದರು. ಸಭೆ ನಡೆದ ಕರಾವಳಿ ರಾಕೆಟ್ಟುಗಳ ಉಡಾವಣೆಯನ್ನೇ ನಂಬಿದ್ದ ಸೀಮೆ; ಅದಕ್ಕೆ ಆರು ತಿಂಗಳ ಹಿಂದೆ ಅಂತರಿಕ್ಷ ಷಟ್ಲುಗಳ ಹಾರಾಟ ನಿಂತು ಅಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡಿದ್ದರು. ಮತದಾನಕ್ಕೆ ಉಳಿದಿದ್ದದ್ದು ಆರು ದಿನ. ಹಿಂದಿನ ದಾನಗಳಿಗೆ ಗ್ರಹಣ, ಸಂಕ್ರಮಣಗಳು ಪುಣ್ಯಕಾಲವಾಗಿದ್ದರೆ ಇಂದಿನ ದಾನಗಳಿಗೆ ಚುನಾವಣೆಯೇ ಪುಣ್ಯಕಾಲ. ಫ್ಲಾರಿಡದ ಮತದಾರರು ಗಿಂಗ್ರಿಚ್ ಅವರನ್ನು ಗೆಲ್ಲಿಸಲಿಲ್ಲ. ನಕ್ಕು ಮರೆತವರೂ ಇದ್ದಾರೆ. ಆದರೆ ಕೆಲಸ ಹೋದವನ ಮುಂದೆ ನಿಂತು ಚಂದ್ರನನ್ನು ತೋರಿಸುವುದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ. ಚಂದ್ರ ಬೇಕೆಂದು ಹಟಹಿಡಿದ ಬಾಲರಾಮನ ಕೈಗೆ ಕನ್ನಡಿ ಕೊಟ್ಟು ಸಮಾಧಾನಪಡಿಸಿದ ಕತೆ ನಮ್ಮಲ್ಲಿದೆ. ಅಲ್ಲಿ ಚಂದ್ರನನ್ನು ಕೇಳಿದ್ದಾದರೂ ಮಗುವೇ. ಇಲ್ಲಿ ಅನ್ನ ಕೇಳಿದವನಿಗೆ ಕನ್ನಡಿಯನ್ನು ಕೊಟ್ಟಂತಾಯಿತು.

ಮತ್ತೊಂದು ತೊಡಕು. ದಾನ ಕೊಡುವವನಿಗೆ ದಾನದ ವಸ್ತುವಿನ ಮೇಲೆ ಒಡೆತನವಿರಬೇಕಷ್ಟೆ. 1967ರ ಅಂತರಿಕ್ಷ ಒಪ್ಪಂದದ ಎರಡನೆಯ ವಿಧಿಯಂತೆ ಚಂದ್ರನನ್ನಾಗಲಿ ಬೇರೆ ಆಕಾಶಕಾಯಗಳನ್ನಾಗಲಿ ಯಾವ ರಾಷ್ಟ್ರವೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ. ಅಮೆರಿಕ, ರಷ್ಯ, ಭಾರತ, ಚೀನ ಎಲ್ಲವೂ ಅದಕ್ಕೆ ಬದ್ಧವಾದ ದೇಶಗಳು. ಆದ್ದರಿಂದ ಚಂದ್ರನಲ್ಲಿ ರಾಜ್ಯ ಕಟ್ಟಿಕೊಡುತ್ತೇನೆಂಬುದು, ಶಾಸನದ ಭಾಷೆಯಲ್ಲಿ ಹೇಳುವುದಾದರೆ, ಊರಿಲ್ಲದ ಊರಿನ ಉಂಬಳಿ. ಅಲ್ಲಿ ಎಕರೆ ಲೆಕ್ಕದಲ್ಲಿ ನಿವೇಶನ ಕೊಂಡೆವೆಂದು ಕಾಗದ ಹಿಡಿದು ಸಂತೋಷಪಡುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನು ಆ ನೆಲದ ಸ್ವರೂಪ. ಕೊಡುವ ಭೂಮಿ ಗದ್ದೆಯೋ ಬೆದ್ದಲೋ ಎಂದು ಹಳೆಯವರು ಸ್ಪಷ್ಟವಾಗಿ ಬರೆಸುತ್ತಿದ್ದರು. ಚಂದ್ರನಲ್ಲಿ ಹಗಲೊಂದು ನಮ್ಮ ಹದಿನಾಲ್ಕು ದಿನ, ಇರುಳೊಂದು ಹದಿನಾಲ್ಕು ದಿನ. ಗಾಳಿಯಿಲ್ಲ, ಕಾಂತಕ್ಷೇತ್ರದ ಮರೆಯಿಲ್ಲದೆ ಸೂರ್ಯನ ಕಣಗಳು ನೇರವಾಗಿ ಬಡಿಯುತ್ತವೆ, ಗಾಜಿನ ಪುಡಿಯಂತೆ ಹರಿತವಾದ ಧೂಳು. ವಿಕ್ರಮ್ ಇಳಿದ ಎಡೆಯಲ್ಲಿ ಮೇಲ್ಮೈ 50 ಡಿಗ್ರಿಗೂ ಹೆಚ್ಚು ಬಿಸಿಯಾಗಿದ್ದಾಗಲೇ ಕೇವಲ ಎಂಟು ಸೆಂಟಿಮೀಟರ್ ಆಳದಲ್ಲಿ ಉಷ್ಣತೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿತ್ತು. ಸೆಪ್ಟೆಂಬರಿನ ಮೊದಲಲ್ಲಿ ಅಲ್ಲಿ ಇರುಳಾಗುವ ಮುನ್ನ ವಿಕ್ರಮ್, ಪ್ರಜ್ಞಾನ್ ಎರಡನ್ನೂ ಮಲಗಿಸಿದರು. ಮತ್ತೆ ಬೆಳಗಾದಾಗ ಎಬ್ಬಿಸಲು ನೋಡಿದರು, ಅವು ಏಳಲಿಲ್ಲ. ಅವನ್ನು ಒಂದೇ ಹಗಲಿನ ಬಾಳಿಗೆಂದು ಮಾಡಿದ್ದುದರಿಂದ ಅದು ಸೋಲೇನೂ ಅಲ್ಲ. ಆದರೆ 13,000 ಜನ ಅಂಥ ಇರುಳನ್ನು ಕಳೆಯಬೇಕಾದರೆ ಏನೇನು ಬೇಕಾದೀತೆಂಬುದರ ಅಳತೆ ಅದರಲ್ಲಿದೆ. ಧ್ರುವದ ಬಳಿಯ ಎಂದೂ ಬಿಸಿಲು ಕಾಣದ ಕುಳಿಗಳಲ್ಲಿ ಹಿಮರೂಪದಲ್ಲಿ ನೀರಿದೆಯೆಂಬ ಆಸೆಯೇ ಇಂದಿನ ಎಲ್ಲ ನೆಲೆಗಳ ಯೋಜನೆಗೂ ಬುನಾದಿ. ಚಂದ್ರನ ನೆಲದಲ್ಲಿ ನೀರಿನ ಅಂಶವಿದೆಯೆಂಬ ಸುದ್ದಿ 2009ರಲ್ಲಿ ಲೋಕಕ್ಕೆ ತಿಳಿದದ್ದು ನಮ್ಮ ಚಂದ್ರಯಾನ 1ರ ಮೇಲಿದ್ದ ಅಮೆರಿಕನ್ ಉಪಕರಣದಿಂದ.

ಈ ಚಂದ್ರಯಾನವೂ ಒಂದು ವಾಗ್ದಾನದ ಫಲ. ವಿಕ್ರಮ್ ಸಾರಾಭಾಯಿಯವರು ಅಂತರಿಕ್ಷ ಸಂಶೋಧನೆಗೆ ಕೈಹಾಕಿದಾಗ, ಸಿರಿವಂತ ರಾಷ್ಟ್ರಗಳೊಡನೆ ಚಂದ್ರಗ್ರಹಗಳ ಅನ್ವೇಷಣೆಯಲ್ಲಿ ಪೈಪೋಟಿ ಮಾಡುವ ಭ್ರಮೆ ನಮಗಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರು. ಜನಸಾಮಾನ್ಯನ ಕಷ್ಟಕ್ಕೆ ಒದಗುವ ವಿಜ್ಞಾನ ಅವರಿಗೆ ಬೇಕಾಗಿತ್ತು. ಹಾಸನದ ಕೇಂದ್ರ ಆ ಮಾತಿನ ಕುಡಿ. ಚಂದ್ರನ ಮೇಲೆ ಈಗ ನಿಂತಿರುವ ವಿಕ್ರಮ್ ಅವರದೇ ಹೆಸರನ್ನು ಹೊತ್ತಿರುವುದು ಕಾಲದ ಚೇಷ್ಟೆಯೆನ್ನಬೇಕು. ಮುಂದೆ ನಮ್ಮ ವಿಜ್ಞಾನಿಗಳು 1999ರಿಂದ ತಮ್ಮ ಸಭೆಗಳಲ್ಲಿ ಚಂದ್ರಯಾತ್ರೆಯ ಸಾಧ್ಯತೆಯನ್ನು ಚರ್ಚಿಸಿ, ಲೆಕ್ಕಹಾಕಿ, ವರದಿ ಸಿದ್ಧಪಡಿಸಿದ ಮೇಲೆ, 2003ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ವಾಜಪೇಯಿ ಅದನ್ನು ಕೆಂಪುಕೋಟೆಯಿಂದ ಸಾರಿದರು. ಮರುವರ್ಷ ಅವರ ಸರ್ಕಾರ ಹೋಯಿತು, ಯೋಜನೆ ಹೋಗಲಿಲ್ಲ. ಮನಮೋಹನ್ ಸಿಂಗ್ ಅವರ ಕಾಲದಲ್ಲಿ, 2008ರ ಅಕ್ಟೋಬರ್ 22ರಂದು, ನೌಕೆ ಹಾರಿತು. ಅದರ ದನಿಯನ್ನು ಕೇಳಲೆಂದೇ ಬೆಂಗಳೂರಿನಾಚೆಯ ಬ್ಯಾಲಾಳಿನಲ್ಲಿ 32 ಮೀಟರ್ ಅಗಲದ ಆಂಟೆನಾ ಎದ್ದಿತ್ತು. ಒಟ್ಟು ವೆಚ್ಚ 386 ಕೋಟಿ ರೂಪಾಯಿ. ನಾನು ಕಂಡ ಮಟ್ಟಿಗೆ ಇದೇ ಅಚ್ಚುಕಟ್ಟಾದ ದಾನಶಾಸನ: ಮೊದಲು ಅಳತೆ, ಆಮೇಲೆ ಘೋಷಣೆ. ಹೆಸರಿಡುವುದರಲ್ಲಿ ಮಾತ್ರ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ. ಚಂದ್ರನ ಮೇಲೆ ನಮಗೆ ಈಗಾಗಲೇ ಜವಾಹರ್ ಇದೆ, ತಿರಂಗಾ ಇದೆ, ಶಿವಶಕ್ತಿ ಇದೆ.

ಗಗನಯಾನದ ಕತೆ ಬೇರೆ. 2018ರ ಆಗಸ್ಟ್ 15ರಂದು ಪ್ರಧಾನಿ ಮೋದಿಯವರು, ಸ್ವಾತಂತ್ರ್ಯದ 75ನೆಯ ವರ್ಷವಾದ 2022ರ ಒಳಗೆ ಭಾರತದ ಮಗನೋ ಮಗಳೋ ಅಂತರಿಕ್ಷಕ್ಕೆ ಏರುವರೆಂದು ಸಾರಿದರು. ಡಿಸೆಂಬರಿನಲ್ಲಿ ಸುಮಾರು 10,000 ಕೋಟಿ ರೂಪಾಯಿಗೆ ಒಪ್ಪಿಗೆಯೂ ದೊರೆಯಿತು. ಆದ್ದರಿಂದ ಹಣವಿಲ್ಲದ ಮಾತೆಂದು ಹೇಳುವಂತಿಲ್ಲ. ಆದರೆ ಗಡುವು ಹುಟ್ಟಿದ್ದು ರಾಷ್ಟ್ರೀಯ ಉತ್ಸವದ ಪಂಚಾಂಗದಿಂದ. ನಡುವೆ ಮಹಾಮಾರಿ ಬಂದಿತು. 2022 ಕಳೆಯಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಸರಿದು, 2025ರಲ್ಲಿ ಕೇಳಿಬಂದ ವರ್ಷ 2027. ಮನುಷ್ಯರ ಪ್ರಾಣದ ವಿಷಯದಲ್ಲಿ ತಡವಾದದ್ದಕ್ಕೆ ನನ್ನ ಆಕ್ಷೇಪಣೆಯೇನೂ ಇಲ್ಲ. ಅವಸರ ಮಾಡದ ವಿಜ್ಞಾನಿಗಳನ್ನು ಮೆಚ್ಚಬೇಕು. ಆದರೆ ಕೆಂಪುಕೋಟೆಯಿಂದ ಕೊಟ್ಟ ಗಡುವು ತಪ್ಪಿದಾಗ ಅದೇ ಎತ್ತರದಿಂದ ಅದರ ವಿವರಣೆಯೂ ಬರಬೇಕಾಗಿತ್ತು. ಅದರ ಬದಲು 2023ರ ಅಕ್ಟೋಬರಿನಲ್ಲಿ ಇನ್ನೂ ದೊಡ್ಡ ಗಡುವುಗಳು ಬಂದವು: 2035ಕ್ಕೆ ನಮ್ಮದೇ ಅಂತರಿಕ್ಷ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ.

ಮಾತು ತಪ್ಪಿದವನ ಗತಿಯನ್ನು ಹೇಳುವುದಕ್ಕೆಂದೇ ಶಾಸನಗಳಲ್ಲಿ ಶಾಪವಾಕ್ಯವಿತ್ತು; ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಆ ಶಾಪ ನಮ್ಮ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಮಾತು ಉಳಿಸಿಕೊಂಡವನ ಗತಿಗೂ ಹಳೇಬೀಡಿನಲ್ಲಿ ಒಂದು ಸಾಕ್ಷಿಯುಂಟು. ಹೊಯ್ಸಳೇಶ್ವರದ ಆವರಣದಲ್ಲಿರುವ ಗರುಡಸ್ತಂಭವನ್ನು ಪ್ರವಾಸಿಗಳು ಸಾಮಾನ್ಯವಾಗಿ ನೋಡದೆಯೇ ದಾಟುತ್ತಾರೆ. ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಒಡೆಯನ ಜೊತೆಯಲ್ಲಿಯೇ ಅಳಿಯುವ ಭಾಷೆ ಕೊಟ್ಟಿದ್ದ ದಂಡನಾಯಕ ಕುವರ ಲಕ್ಷ್ಮನು ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ನೀಗಿದ ಕತೆ ಆ ಕಂಬದ ಮೇಲಿದೆ. ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರ ಚಿತ್ರಗಳೂ ಇವೆ. ಇದನ್ನು ಆದರ್ಶವೆಂದು ಇಂದು ಯಾರೂ ಹೊಗಳಲಾರರು, ಹೊಗಳಲೂ ಬಾರದು. ಆದರೆ ತಲೆಯಷ್ಟು ದೂರ ಹೋಗಬೇಕಾಗಿಲ್ಲ. ಒಂದು ಪತ್ರಿಕಾ ಹೇಳಿಕೆಯಾದರೂ ಸಾಕಾಗಿತ್ತು.

ಇಷ್ಟು ಹೇಳಿದೊಡನೆ ಅರಸೀಕೆರೆಯ ಕಡೆಯವರು, ಇಲ್ಲಿ ಕುಡಿಯಲು ನೀರಿಲ್ಲದಿರುವಾಗ ಚಂದ್ರನ ಗೊಡವೆ ಏಕೆ ಎಂದು ಕೇಳುವುದುಂಟು. ರಾಣಿಯ ಕೆರೆಯಿಂದ ಹೆಸರು ಪಡೆದ ಊರಿನವರು ನೀರಿಗಾಗಿ ಮುಗಿಲು ನೋಡುವಾಗ ಆ ಪ್ರಶ್ನೆ ಸಹಜವೇ. ಆದರೂ ಅದು ಸರಿಯಾದ ಪ್ರಶ್ನೆಯಲ್ಲವೆಂದೇ ನನ್ನ ಎಣಿಕೆ. ಸಕಲೇಶಪುರದ ಮಲೆಗಳಿಂದ ನೀರನ್ನೆತ್ತಿ ಅರಸೀಕೆರೆಯ ಸೀಮೆಯನ್ನು ಹಾಯ್ದು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚ್‌ನಲ್ಲಿ, ಎಂದರೆ ಲೋಕಸಭಾ ಚುನಾವಣೆಯ ಪುಣ್ಯಕಾಲದಲ್ಲಿಯೇ, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಡಿಗಲ್ಲಿಟ್ಟರು. 12,912 ಕೋಟಿಯ ಅಂದಾಜು 2023ರಲ್ಲಿ 23,251 ಕೋಟಿಯಾಯಿತು. ಮೊದಲ ಹಂತವನ್ನು ಅವರೇ ಉದ್ಘಾಟಿಸಿದ್ದು 2024ರ ಸೆಪ್ಟೆಂಬರ್ 6ರಂದು. ಮುಂದಿನ ಕಾಲುವೆ ಪೂರ್ಣವಾಗಿಲ್ಲದ್ದರಿಂದ ಆಗ ಎತ್ತಿದ ನೀರನ್ನು ತಾತ್ಕಾಲಿಕವಾಗಿ ವಾಣಿವಿಲಾಸ ಸಾಗರದ ಕಡೆಗೆ ಹರಿಸಬೇಕಾಯಿತು. ಈಗ ಚಂದ್ರನ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿ. ಚಂದ್ರಯಾನ 3ಕ್ಕೆ ತಗುಲಿದ್ದು ಸುಮಾರು 615 ಕೋಟಿ. ಅಂತರಿಕ್ಷ ಇಲಾಖೆಗೆ 2025–26ರ ಇಡೀ ವರ್ಷಕ್ಕೆ ಕೊಟ್ಟದ್ದು 13,416 ಕೋಟಿ. ಚಂದ್ರನು ಅರಸೀಕೆರೆಯ ಕೊಡವನ್ನು ಕಸಿದುಕೊಂಡಿಲ್ಲ. 3,84,400 ಕಿಲೋಮೀಟರ್ ದೂರದ ಗುರಿ ಮುಟ್ಟುವುದಕ್ಕೂ ಸಕಲೇಶಪುರದಿಂದ ಕಾಲುವೆ ಬರುವುದಕ್ಕೂ ಬೇಕಾದ ಗುಣ ಒಂದೇ, ಹೇಳಿದ ಅಳತೆಗೆ ವರ್ಷವರ್ಷವೂ ನಿಲ್ಲುವುದು. ಹಾಗಾಗಿ ಎರಡೂ ವಾಗ್ದಾನಗಳನ್ನು ಒಂದೇ ಒರೆಗಲ್ಲಿಗೆ ಹಚ್ಚಬೇಕಲ್ಲದೆ ಒಂದನ್ನು ತೋರಿಸಿ ಇನ್ನೊಂದನ್ನು ಹಳಿಯುವುದರಿಂದ ಎರಡು ಕಡೆಯ ಹೊಣೆಗಾರರೂ ಸುಲಭವಾಗಿ ಪಾರಾಗುತ್ತಾರೆ.

2040ರ ವಾಗ್ದಾನವನ್ನು ಆ ಒರೆಗೆ ಹಚ್ಚಿದರೆ ಏನು ಕಾಣುತ್ತದೆ? ಗಡುವಿದೆ. ಕೊಡುವವರ ಹೆಸರಿದೆ. ಆದಾಯದ ಮೂಲದ ಸಾಲು ಪೂರ್ಣವಾಗಿ ಬರೆದಿಲ್ಲ. ಚಂದ್ರಯಾನ 3ರ ಒಟ್ಟು ತೂಕ ನಾಲ್ಕು ಟನ್ನಿಗೆ ತುಸು ಕಡಮೆ. ಅಪೋಲೋ ಯಾತ್ರಿಗಳನ್ನು ಒಯ್ದ ಸ್ಯಾಟರ್ನ್ 5 ಚಂದ್ರನತ್ತ ಕಳುಹಿಸುತ್ತಿದ್ದ ಭಾರ ಸುಮಾರು 45 ಟನ್. ಈ ಅಂತರವನ್ನು ತುಂಬುವ ರಾಕೆಟ್ಟು ನಮ್ಮಲ್ಲಿ ಇನ್ನೂ ಆಗಬೇಕು. ಅತ್ತ ಮೊದಲ ಮೆಟ್ಟಿಲುಗಳಾದರೂ ಬಿದ್ದಿವೆಯೆಂಬುದನ್ನು ಒಪ್ಪಬೇಕು. 2025ರ ಜನವರಿಯಲ್ಲಿ ನಮ್ಮ ಎರಡು ಪುಟ್ಟ ನೌಕೆಗಳು ಅಂತರಿಕ್ಷದಲ್ಲಿ ಒಂದನ್ನೊಂದು ಕೂಡಿಕೊಂಡವು; ಅದೇ ವರ್ಷ ಶುಭಾಂಶು ಶುಕ್ಲಾ ಅಮೆರಿಕನ್ ನೌಕೆಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿಬಂದರು.

ಇವೆಲ್ಲಕ್ಕಿಂತಲೂ ದಾನಶಾಸನದ ಲಕ್ಷಣಕ್ಕೆ ಹತ್ತಿರವಾದದ್ದು ಭಾಷಣವಲ್ಲ, ಮಂತ್ರಿಮಂಡಲದ ಒಂದು ಒಣ ನಿರ್ಣಯ. ಬೇಲೂರು ಹಳೇಬೀಡುಗಳು ಯುನೆಸ್ಕೋ ಪಟ್ಟಿಗೆ ಸೇರಿ ಸರಿಯಾಗಿ ಒಂದು ವರ್ಷಕ್ಕೆ, 2024ರ ಸೆಪ್ಟೆಂಬರ್ 18ರಂದು, ಚಂದ್ರಯಾನ 4ಕ್ಕೆ ಒಪ್ಪಿಗೆ ದೊರೆಯಿತು. ಕಾರ್ಯ: ಚಂದ್ರನಲ್ಲಿ ಇಳಿದು, ಮಣ್ಣು ಕಲ್ಲುಗಳನ್ನು ತೆಗೆದುಕೊಂಡು ಭೂಮಿಗೆ ಮರಳುವುದು. ಹಣ: 2,104.06 ಕೋಟಿ ರೂಪಾಯಿ. ಹೊಣೆ: ಇಸ್ರೋ. ಅವಧಿ: ಒಪ್ಪಿಗೆಯಾದಂದಿನಿಂದ 36 ತಿಂಗಳು. ಇದರಲ್ಲಿ ಬಿರುದಾವಳಿ ಕಡಮೆ. ಹೊಯ್ಸಳ ಶಾಸನವನ್ನು ಓದಿಸಿದ ಮೇಲೆ ಈ ನಿರ್ಣಯವನ್ನೂ ನಾನು ತರಗತಿಯಲ್ಲಿ ಓದಿಸುವುದುಂಟು. ಎಲ್ಲೆ ಸರಿಯಾಗಿದೆಯೆ, ಆದಾಯ ಹೇಳಿದೆಯೆ ಎಂದು ಮಕ್ಕಳು ಬೆರಳಿಟ್ಟು ನೋಡುತ್ತಾರೆ. ತಿಂಗಳುಗಳನ್ನೆಣಿಸಿದರೆ 2027ರ ಸೆಪ್ಟೆಂಬರಿಗೆ ಬರುತ್ತದೆ. ಕೆಲವರು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡಿದ್ದಾರೆ.